ಮೇಡಮ್ಮನ ಜೇಡಕ್ಕೆ ಬಾಣಂತನ

ಬೆಟ್ಟದ ಬುಡದಲ್ಲೊಂದು ಊರು, ಊರಿಗೊಂದು ಕಾಲೇಜು, ಕಾಲೇಜಿನ ಹಿಂದಿನ ಓಣಿಯಲ್ಲಿ ಓಬಳಮ್ಮನ ಮನೆ. ಮನೆಯಲ್ಲಿ ಇಬ್ಬರೇ, ಓಬಳಮ್ಮ ಮತ್ತು ಅವಳ ಮಗ ಪಾಲಯ್ಯ. ಇಷ್ಟು ತಿಳಿದುಕೊಂಡರೆ ಸಾಕು, ಮಿಕ್ಕಿದ್ದನ್ನು ಪಾಲಯ್ಯನೇ ತೋರಿಸಿಕೊಡುತ್ತಾನೆ.

ಓಬಳಮ್ಮ ಬಾಣಂತನ ಮಾಡುವವಳು. ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅವಳಿಗೆ ಕರೆ ಬರಬೇಕು. ಮಣೆಯ ಮೇಲೆ ಕೂತು, ಕಾಲು ನೀಡಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ತೊಟ್ಟಿಲಿಗೆ ಹಾಕಿದಳೆಂದರೆ ಆ ಕೂಸು ಊಟದ ಹೊತ್ತು ಮೀರುವವರೆಗೂ ಕಣ್ಣು ಬಿಡುತ್ತಿರಲಿಲ್ಲ. ಊರಿನ ಅರ್ಧ ಜನ ಅವಳ ಕಾಲ ಮೇಲೆ ಮಲಗಿ ಅತ್ತವರೇ. ಊರ ಕೂಸುಗಳೆಲ್ಲ ಬೆಳೆದು ಬುದ್ಧಿ ಕಲಿತವು. ಅವಳ ಕೂಸು ಬೆಳೆಯಿತು, ಅಷ್ಟೇ.

ಪಾಲಯ್ಯ ಕೆಟ್ಟವನಲ್ಲ, ಸೋಮಾರಿಯೂ ಅಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಅವನ ರೋಗವೇ ಅದು. ಹಾಲು ಉಕ್ಕಿದಾಗ ಒಲೆ ಆರಿಸು ಅಂದರೆ, ಹಾಲು ಉಕ್ಕಿ, ಒಲೆಗೆ ಸುರಿದು, ನೆಲಕ್ಕೆ ಹರಿದ ಮೇಲೆ ಎದ್ದು ಆರಿಸುವ ಜಾತಿ. "ಉಕ್ತಾ ಇತ್ತು, ಇನ್ನೂ ಉಕ್ಕಿರ್ಲಿಲ್ಲ ಕಣವ್ವ" ಅನ್ನುವವನು. ಅಂಗಡಿಯವರು ಕೆಲಸ ಕೊಟ್ಟರು, ಬಿಡಿಸಿದರು. ಗಿರಣಿಯವರು ಕೊಟ್ಟರು, ಓಡಿಸಿದರು. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ತುತ್ತು ಅನ್ನ ಹಾಕುವವರು ಯಾರು ಅನ್ನುವ ಚಿಂತೆ ಓಬಳಮ್ಮನ ಎದೆಯಲ್ಲಿ ಕಲ್ಲಾಗಿ ಕೂತಿತ್ತು.

ಹೀಗಿರುವಾಗ ಒಂದು ದಿನ ಕಾಲೇಜಿನ ವಿಮಲಾಕ್ಷಿ ಮೇಡಂ ಮನೆಗೆ ಬಂದರು. ಅವರ ಮಗುವಿಗೆ ನೀರು ಹಾಕಿದವಳೂ ಓಬಳಮ್ಮನೇ. ಮೇಡಂ ಪ್ರಾಣಿಶಾಸ್ತ್ರ ಹೇಳಿಕೊಡುವವರು. ಹೇಳಿಕೊಟ್ಟರೆ ಸಾಲದೇ, ಸಾಕಲೂಬೇಕೇ? ಸಾಕಿದ್ದರು. ನಾಯಿಯಲ್ಲ, ಗಿಳಿಯಲ್ಲ. ಅಂಗೈ ಅಗಲದ ಒಂದು ಜೇಡ. ಮೈತುಂಬ ರೋಮ, ಎಂಟು ಕಾಲು, ಹೆಸರು ಚಂಪಾ. ಟರಾಂಟುಲಾ ಅಂತ ಅದರ ಜಾತಿಯ ಹೆಸರಂತೆ.

"ಮನೆ ಬದಲಾಯಿಸುವಾಗ ಚಂಪಾಳ ಪೆಟ್ಟಿಗೆ ಒಡೆದುಹೋಯ್ತು ಓಬಳಮ್ಮ. ಹೊಸದು ತಂದಿದ್ದೀನಿ, ಜೋಡಿಸೋಕೆ ಹೊತ್ತಿಲ್ಲ. ನಾನು ಪರೀಕ್ಷೆ ಕೆಲಸಕ್ಕೆ ಬೇರೆ ಊರಿಗೆ ಹೋಗ್ಬೇಕು. ಊರಲ್ಲಿ ಯಾರೂ ಇದನ್ನ ಇಟ್ಕೊಳ್ಳೋಕೆ ಒಪ್ತಿಲ್ಲ. ನಿಮ್ಮ ಮಗ ಹೆದರಲ್ಲ ಅಂತ ಕೇಳಿದೆ."

ನಿಜ, ಪಾಲಯ್ಯ ಹೆದರುತ್ತಿರಲಿಲ್ಲ. ಹೆದರಿಕೊಳ್ಳುವುದಕ್ಕೂ ಒಂದಿಷ್ಟು ಬುದ್ಧಿ ಬೇಕಲ್ಲ.

"ಕಾಲೇಜಿನ ಮ್ಯೂಸಿಯಂನಲ್ಲಿ ಅಟೆಂಡರ್ ಜಾಗ ಖಾಲಿ ಇದೆ" ಅಂದರು ಮೇಡಂ. "ನಾನು ಬರೋವರೆಗೆ ಚಂಪಾ ಅವಳ ಪೆಟ್ಟಿಗೇಲಿ ಜೀವಂತವಾಗಿ ಇದ್ರೆ, ಪ್ರಿನ್ಸಿಪಾಲರಿಗೆ ನಾನೇ ಹೇಳ್ತೀನಿ."

ಓಬಳಮ್ಮನಿಗೆ ಹಲ್ಲಿ ಕಂಡರೆ ಆಗದು. ಆದರೂ ಅಟೆಂಡರ್ ಅನ್ನುವ ಮಾತು ಕಿವಿಗೆ ಬಿದ್ದ ಮೇಲೆ ಬೇಡ ಅನ್ನುವ ಮಾತು ಬಾಯಿಗೆ ಬರಲಿಲ್ಲ. "ಆಗ್ಲಿ ಮೇಡಮ್ಮೋರೆ" ಅಂದಳು, ಗೋಡೆಗೆ ಒರಗಿಕೊಂಡು.

ಮೇಡಂ ಬಾಯಲ್ಲೇ ಎಲ್ಲ ಹೇಳಿದರು. ಗಾಜಿನ ಪೆಟ್ಟಿಗೆ ಇದು, ತೆಂಗಿನ ನಾರಿನ ಪುಡಿಯ ಚೀಲ ಇದು. ಕೆಳಗೆ ಮೆತ್ತಗೆ ಹಾಸಿಗೆ ಹಾಸಬೇಕು. ಮೇಲೆ ಒಡೆದ ಕುಡಿಕೆಯ ಅರ್ಧ ಭಾಗ ಕವುಚಿ ಇಡಬೇಕು, ಅದು ಅವಳ ಮನೆ. ಬಟ್ಟಲಲ್ಲಿ ನೀರು. ಮುಚ್ಚಳ ಭದ್ರ. "ಒಂದು ನೆನಪಿಟ್ಕೊಳ್ಳಿ. ಇವಳು ಎತ್ತರದಿಂದ ಬಿದ್ರೆ ಹೊಟ್ಟೆ ಒಡೆದು ಸತ್ತೇ ಹೋಗ್ತಾಳೆ. ಕೈಯಲ್ಲಿ ಮುಟ್ಟಬೇಡಿ." ಹೀಗಂದು ಚಂಪಾ ಇದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಪಾಲಯ್ಯನಿಗೆ ಕೊಟ್ಟು ಮೇಡಂ ಬಸ್ಸಿಗೆ ಹೋದರು.

ಓಬಳಮ್ಮ ಯಾರದೋ ಮನೆಯ ಕೂಸಿಗೆ ನೀರು ಹಾಕಲು ಹೋಗಿ ಬರುವ ಹೊತ್ತಿಗೆ ಪಾಲಯ್ಯ ಪೆಟ್ಟಿಗೆ ಜೋಡಿಸಿ ಕೂತಿದ್ದ. ಅವಳ ದಿಂಬು ಹರಿದು ಬಿದ್ದಿತ್ತು. ದಿಂಬಿನ ಹತ್ತಿಯೆಲ್ಲ ಗಾಜಿನ ಪೆಟ್ಟಿಗೆಯಲ್ಲಿ. ನಾರಿನ ಪುಡಿ ತಿಪ್ಪೆಯ ಮೇಲೆ. ಚಂಪಾ ಹತ್ತಿಯ ಮೇಲೆ ನಿಂತಿತ್ತು, ಕಾಲಿನ ಉಗುರೆಲ್ಲ ಎಳೆಗೆ ಸಿಕ್ಕಿಕೊಂಡು, ಒಂದು ಕಾಲು ಎತ್ತಿದರೆ ಇನ್ನೊಂದು ಕಾಲು ಸಿಕ್ಕಿ, ಕೀಳಲಾರದೆ ಇಡಲಾರದೆ ಒದ್ದಾಡುತ್ತಿತ್ತು.

"ಏನ್ಲಾ ಇದು?"

"ಮೆತ್ತಗೆ ಹಾಸಿಗೆ ಹಾಸು ಅಂದ್ರಲ್ಲವ್ವ. ಆ ಪುಡಿ ಚುಚ್ಚುತ್ತೆ."

ಒಂದು ಕಾಲು ಕಿತ್ತು ಬಂದರೂ ಮಗನ ಕೆಲಸ ಕಿತ್ತುಹೋದ ಹಾಗೆ. ಪಾಲಯ್ಯ ಕತ್ತರಿ ಹಿಡಿದು ಎಳೆ ಎಳೆಯಾಗಿ ಕತ್ತರಿಸಿದ. ಓಬಳಮ್ಮ ಬಾಗಿಲ ಬಳಿ ನಿಂತು ಇದ್ದಬದ್ದ ದೇವರನ್ನೆಲ್ಲ ಕರೆದಳು. ಕೊನೆಯ ಎಳೆ ಬಿಟ್ಟಾಗ ಎಂಟಕ್ಕೆ ಎಂಟು ಕಾಲೂ ಇದ್ದವು. ಚಂಪಾ ಮತ್ತೆ ಡಬ್ಬಿ ಸೇರಿತು.

"ಅದು ನೆಲದ ಜೀವ ಕಣ್ಲಾ. ಅದಕ್ಕೆ ಯಾವ ದಿಂಬು? ಪುಡಿ ಬಳ್ಕೊಂಡು ಬಾ, ಹಾಕು, ಗಟ್ಟಿಯಾಗಿ ಅದುಮು. ಸಂದು ಇರಬಾರ್ದು, ಹಂಗೆ ಅದುಮು."

"ಸರಿ ಕಣವ್ವ, ಅದುಮ್ತೀನಿ."

ಪುಡಿ ಬಂತು, ಅದುಮಿದ. ಚೆನ್ನಾಗೇ ಅದುಮಿದ. ಆಮೇಲೆ ಕುಡಿಕೆಯ ಅರ್ಧ ಭಾಗ ಇಟ್ಟು ಅದನ್ನೂ ಅದುಮಿದ, ಅಂಚು ಹೂತುಹೋಗುವ ಹಾಗೆ. ಗೂಡಿಗೆ ಬಾಗಿಲೇ ಇಲ್ಲ. ಪೆಟ್ಟಿಗೆಗೆ ಬಿಟ್ಟ ಚಂಪಾ ಗೂಡಿನ ಸುತ್ತ ತಿರುಗಿತು, ತಿರುಗಿತು, ಅಡಗಲು ಜಾಗ ಕಾಣದೆ ಮೂಲೆಗೆ ಮುದುರಿಕೊಂಡಿತು. ತಿನ್ನಲಿ ಅಂತ ಒಂದು ಮಿಡತೆ ಬಿಟ್ಟರೆ ಅದರ ಕಡೆ ತಿರುಗಿಯೂ ನೋಡಲಿಲ್ಲ.

"ಯಾಕ್ಲಾ ಹಿಂಗೆ ಹೂತಿದ್ದೀಯ? ಅದು ಒಳಗೆ ಹೋಗೋದೆಂಗೆ?"

"ಸಂದು ಇರಬಾರ್ದು ಅಂದ್ಯಲ್ಲ."

ಓಬಳಮ್ಮ ಹಣೆ ಚಚ್ಚಿಕೊಂಡಳು. "ಲೋ ಮಂಕೆ, ಜೀವ ಇರೋದು ಅಂದ್ಮೇಲೆ ಹೋಗಿ ಬರೋಕೆ ದಾರಿ ಬೇಡ್ವಾ? ಒಂದು ಕೈ ತೂರೋವಷ್ಟು ಸಂದು ಬಿಡು."

"ಸರಿ ಕಣವ್ವ, ಬಿಡ್ತೀನಿ."

ಬಿಟ್ಟ. ಗೂಡಿಗೆ ಬಿಟ್ಟ. ಪೆಟ್ಟಿಗೆಯ ಮುಚ್ಚಳಕ್ಕೂ ಬಿಟ್ಟ. ಜೀವ ಇರೋದು ಅಂದಮೇಲೆ ಹೋಗಿ ಬರಬೇಕಲ್ಲ. ಚಂಪಾ ಹೋಯಿತು. ಬರಲಿಲ್ಲ.

ಓಬಳಮ್ಮ ಅಡುಗೆಮನೆಯಲ್ಲಿ ಮುದ್ದೆ ತಿರುವುತ್ತಿದ್ದವಳು ಈಚೆ ಬಂದು ನೋಡುತ್ತಾಳೆ, ಪೆಟ್ಟಿಗೆ ಖಾಲಿ. ಚಾಪೆ ಕೊಡವುವ ಹಾಗಿಲ್ಲ, ಕಾಲಿಡುವ ಹಾಗಿಲ್ಲ, ಎಲ್ಲಿ ತುಳಿದುಬಿಡುತ್ತೀನೋ ಅಂತ ನಿಂತ ಕಡೆಯೇ ನಿಂತಳು. ಕಣ್ಣು ಮಾತ್ರ ಓಡಿತು. ಮಡಕೆ ಸಾಲು, ಚಪ್ಪಲಿ, ನೇತು ಹಾಕಿದ ಸೀರೆ. ಎಲ್ಲೂ ಇಲ್ಲ.

"ಅಲ್ಲೈತಲ್ಲವ್ವ" ಅಂದ ಪಾಲಯ್ಯ, ಮೇಲೆ ಬೆರಳು ಮಾಡಿ.

ಗೋಡೆಯ ತುತ್ತತುದಿ, ತೊಲೆಯ ಹತ್ತಿರ, ಅಂಗೈ ಅಗಲಕ್ಕೆ ಅಂಟಿಕೊಂಡಿತ್ತು. ಒಂದು ಕಾಲು ಎತ್ತುವುದು, ತಡಕಾಡುವುದು, ಇಡುವುದು. ಸುಣ್ಣ ಪುಡಿಪುಡಿಯಾಗಿ ಉದುರುತ್ತಿತ್ತು. ಎತ್ತರದಿಂದ ಬಿದ್ದರೆ ಹೊಟ್ಟೆ ಒಡೆಯುತ್ತೆ ಅಂತ ಮೇಡಂ ಹೇಳಿದ್ದು ಓಬಳಮ್ಮನ ಕಿವಿಯಲ್ಲಿ ಗುಂಯ್‌ಗುಟ್ಟಿತು. ಹಲ್ಲಿಗೆ ಹೆದರುವ ಆ ಹೆಂಗಸು ಏನು ಮಾಡಿದಳು ಗೊತ್ತೆ? ಗೋಡೆಯ ಬುಡಕ್ಕೆ ಹೋಗಿ ನಿಂತು, ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದಳು. ಮೇಲೆ ಅದು, ಕೆಳಗೆ ಇವಳು. ಹೊಟ್ಟೆಪಾಡು ಮನುಷ್ಯರ ಕೈಯಲ್ಲಿ ಏನೆಲ್ಲ ಮಾಡಿಸುತ್ತದೆ.

"ಏಣಿ ಹಾಕ್ಕೊಂಡು ಹತ್ತು. ಡಬ್ಬಿ ಮುಂದಕ್ಕೆ ಹಿಡಿ. ಹಿಂದಿನಿಂದ ಕಡ್ಡೀಲಿ ಮೆಲ್ಲಗೆ ತಳ್ಳು. ಮೆಲ್ಲಗೆ, ಪಾಲಯ್ಯ."

ಮೆಲ್ಲಗೆ ಅಂದರೆ ಪಾಲಯ್ಯ ಮೆಲ್ಲಗೆಯೇ. ಕಡ್ಡಿ ಅದರ ಹಿಂಗಾಲಿಗೆ ತಾಗುವ ಹೊತ್ತಿಗೆ ಒಲೆಯ ಮೇಲಿನ ಮುದ್ದೆ ಸೀದು ಹೊಗೆ ಬಂತು. ಓಬಳಮ್ಮನ ತೋಳು ಮರಗಟ್ಟಿದವು, ಸೆರಗು ಇಳಿಯಲಿಲ್ಲ. ಚಂಪಾ ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು, ಜಾರಿತು, ಡಬ್ಬಿಯೊಳಗೆ ಬಿತ್ತು. ಪಾಲಯ್ಯ ಇಳಿದು ಬಂದ ಮೇಲೂ ಅವಳಿಗೆ ಸೆರಗು ಇಳಿಸಲು ತೋಚಲಿಲ್ಲ.

"ಮುಚ್ಚು" ಅಂದಳು, ಉಸಿರು ತಿರುಗಿದ ಮೇಲೆ. "ಪೆಟ್ಟಿಗೆಗೆ ಬಿಟ್ಟು ಮುಚ್ಚು. ಬಾಣಂತಿ ಕೋಣೆ ಮುಚ್ಚಿದ ಹಂಗೆ ಮುಚ್ಚು. ಇರುವೆ ನುಸುಳಬಾರ್ದು."

"ಸರಿ ಕಣವ್ವ, ಮುಚ್ತೀನಿ."

ಬಾಣಂತಿ ಕೋಣೆ ಹೇಗೆ ಮುಚ್ಚುತ್ತಾರೆ? ಕಿಟಕಿಯ ಸಂದಿಗೆ ಬಟ್ಟೆ ತುರುಕುತ್ತಾರೆ, ಬಾಗಿಲ ಸಂದಿಗೆ ಗೋಣಿ ತುರುಕುತ್ತಾರೆ, ಒಂದಿಷ್ಟು ಗಾಳಿ ಒಳಗೆ ಸುಳಿಯಬಾರದು. ಪಾಲಯ್ಯ ಹುಟ್ಟಿದಾಗಿನಿಂದ ಕಂಡಿದ್ದೇ ಅದು. ಮುಚ್ಚಳದ ತೂತಿಗೆಲ್ಲ ಬಟ್ಟೆ ಬತ್ತಿ ಮಾಡಿ ತುರುಕಿದ. ಅಂಚಿಗೆ ಸೀದ ಮುದ್ದೆಯನ್ನೇ ಮೆತ್ತಿದ. ಓಬಳಮ್ಮ ದೂರದಿಂದ ನೋಡಿ, ಪರವಾಗಿಲ್ಲ, ಭದ್ರವಾಗಿದೆ ಅಂದುಕೊಂಡಳು. ಹತ್ತಿರ ಹೋಗುವ ಧೈರ್ಯ ಸೆರಗಿನ ಜೊತೆಗೇ ಖರ್ಚಾಗಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಗಾಜಿನ ಒಳಗೆಲ್ಲ ಬೆವರು. ಬೆವರಿನಾಚೆ ಚಂಪಾ ಬೆನ್ನು ಕೆಳಗೆ ಮಾಡಿ, ಎಂಟೂ ಕಾಲು ಮೇಲೆ ಮಾಡಿ ಬಿದ್ದಿತ್ತು.

ಓಬಳಮ್ಮ ಅಲ್ಲೇ ಕೂತುಬಿಟ್ಟಳು. ಕೆಲಸ ಹೋಯಿತು ಅನ್ನುವುದೊಂದೇ ಅಲ್ಲ, ನೆನ್ನೆ ಸೆರಗೊಡ್ಡಿ ಉಳಿಸಿಕೊಂಡ ಜೀವ, ಇವತ್ತು ಹೀಗೆ ಅಂಗಾತ ಬಿದ್ದಿದೆಯಲ್ಲ ಅಂತ ನಿಜವಾಗಿಯೂ ಸಂಕಟವಾಯಿತು. ಮೇಡಮ್ಮನಿಗೆ ಫೋನು ಮಾಡಿದಳು.

"ಮೇಡಮ್ಮೋರೆ, ತಪ್ಪಾಯ್ತು. ಕಾಲು ಮೇಲೆ ಮಾಡ್ಕಂಡು ಬಿದ್ದೈತೆ."

ಆ ಕಡೆಯಿಂದ ಮೇಡಂ ಕೇಳಿದರು. "ಬೆನ್ನ ಮೇಲೆ ಮಲಗಿದ್ದಾಳಾ? ಕಾಲು ಅಲ್ಲಾಡ್ತಾ ಇದೆಯಾ ನೋಡಿ."

ಓಬಳಮ್ಮ ಗಾಜಿಗೆ ಮುಖ ತಂದಳು. ಒಂದು ಕಾಲಿನ ತುದಿ ಮೆಲ್ಲಗೆ ಮಡಚಿತು. "ಹೂಂ, ಅಲ್ಲಾಡ್ತೈತೆ."

"ಸತ್ತಿಲ್ಲ ಓಬಳಮ್ಮ, ಪೊರೆ ಬಿಡ್ತಿದ್ದಾಳೆ. ಹಾವು ಬಿಡೋ ಹಾಗೆ. ಗಾಳಿ ಆಡೋಕೆ ಬಿಡಿ, ಸದ್ದು ಮಾಡಬೇಡಿ, ಮುಟ್ಟಬೇಡಿ. ಪೊರೆ ಬಿಟ್ಟ ಮೇಲೆ ಅವಳ ಮೈ ಬೆಣ್ಣೆಯಷ್ಟು ಮೆತ್ತಗಿರುತ್ತೆ, ಬೆರಳು ತಾಗಿದ್ರೂ ಉಳಿಯಲ್ಲ. ಈಗ ತಾನೆ ಹುಟ್ಟಿದ ಕೂಸು ಅಂದ್ಕೊಳ್ಳಿ. ನಾನು ಸಂಜೆ ಬರ್ತೀನಿ."

ಓಬಳಮ್ಮ ಬತ್ತಿಯೆಲ್ಲ ಕೀಳಿಸಿದಳು. ಗಾಜಿನ ಬೆವರು ಆರಿತು. ಅಷ್ಟರಲ್ಲಿ ಹೊಸ ಬಾಣಂತಿಯ ಮನೆಯಿಂದ ಆಳು ಬಂದು ಬಾಗಿಲಲ್ಲಿ ನಿಂತಿತು, ಕೂಸು ಅಳುತ್ತಿದೆ, ನೀರು ಕಾದಿದೆ, ಬಾ ಅಂತ. ಅವಸರದಲ್ಲಿ ಮಗನಿಗೆ ಹೇಳಿದಳು.

"ಲೋ ಪಾಲಯ್ಯ, ಮೇಡಮ್ಮ ಹೇಳವ್ರೆ. ಅದನ್ನ ಈಗ ಹುಟ್ಟಿದ ಕೂಸಿನಂಗೆ ನೋಡ್ಕಬೇಕಂತೆ. ತಿಳೀತಾ?"

"ತಿಳೀತು ಕಣವ್ವ. ಈಗ ಹುಟ್ಟಿದ ಕೂಸಿನಂಗೆ."

ಬಾಣಂತಿಯ ಮನೆ ಊರಿನ ಆಚೆ ತುದಿ. ಓಬಳಮ್ಮ ಬಚ್ಚಲಲ್ಲಿ ಕಾಲು ನೀಡಿ ಕೂತಳು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು, ಬೆಚ್ಚಗಿನ ಹರಳೆಣ್ಣೆಯನ್ನು ಅಂಗೈಗೆ ಹುಯ್ದುಕೊಂಡಳು. ಎದೆಗೆ ತಿಕ್ಕಿದಳು. ಕೈಗೆ ತಿಕ್ಕಿದಳು. ಕಾಲು ಹಿಡಿದು ನೀವಿ ಎಳೆದಳು, ಕೀಲು ಸಡಿಲಾಗಲಿ ಅಂತ. ಇನ್ನೊಂದು ಕಾಲು ಹಿಡಿದವಳ ಕೈ ಹಾಗೇ ನಿಂತುಬಿಟ್ಟಿತು.

ಈಗ ಹುಟ್ಟಿದ ಕೂಸಿನಂಗೆ.

ಪಾಲಯ್ಯ ಕೂಸನ್ನು ನೋಡಿಕೊಳ್ಳುವುದನ್ನು ಕಲಿತಿದ್ದು ಯಾರಿಂದ? ಅವಳಿಂದಲೇ. ಅವನು ಕಂಡಿದ್ದೇನು? ಎಣ್ಣೆ, ಬಿಸಿನೀರು, ನೀವುವುದು, ಎಳೆಯುವುದು, ಹೊಗೆ. ಬೆರಳು ತಾಗಿದರೂ ಉಳಿಯದ ಜೀವಕ್ಕೆ ಇಷ್ಟೂ ಆಗಬೇಕು ಅಂತ ಅವಳೇ ಹೇಳಿ ಬಂದಿದ್ದಾಳೆ. ಕೂಸನ್ನು ಎತ್ತಿ ಅದರ ಅಜ್ಜಿಯ ಕೈಗೆ ಕೊಟ್ಟಳು, ಎಣ್ಣೆಗೈಯಲ್ಲೇ ಓಡಿದಳು.

ಸಂತೆಬೀದಿ ದಾಟಿದಳು, ಬಸ್‌ಸ್ಟ್ಯಾಂಡು ದಾಟಿದಳು. ಕಾಲು ಓಡುತ್ತಿತ್ತು, ಮನಸ್ಸು ಅದಕ್ಕಿಂತ ಮೊದಲು ಮನೆ ಮುಟ್ಟಿ ವಾಪಸು ಬರುತ್ತಿತ್ತು. ಯಾರೋ "ಏನಾಯ್ತು ಓಬಳಮ್ಮಕ್ಕ" ಅಂದರು. ಉತ್ತರ ಕೊಡುವಷ್ಟು ಉಸಿರು ಇರಲಿಲ್ಲ. ಓಣಿ ತಿರುಗಿದರೆ ಅವಳ ಮನೆಯ ಹೆಂಚಿನ ಮೇಲೆ ಹೊಗೆ. ಹಂಡೆಗೆ ಉರಿ ಹಾಕಿದ್ದಾನೆ.

ಬಚ್ಚಲಲ್ಲಿ ಪಾಲಯ್ಯ ಮಣೆಯ ಮೇಲೆ ಕೂತಿದ್ದ, ಕಾಲು ನೀಡಿ. ಕಾಲ ಮೇಲೆ ಅದು ಮಲಗಿತ್ತು. ಎಂಟು ಕಾಲೂ ಜೋತು ಬಿದ್ದಿದ್ದವು. ಮೈಯೆಲ್ಲ ಎಣ್ಣೆ, ರೋಮವೆಲ್ಲ ಅಂಟಿ ಹೋಗಿತ್ತು. ಪಾಲಯ್ಯ ಚಮಚದಲ್ಲಿ ಬಿಸಿನೀರು ಹುಯ್ಯುತ್ತಾ, ಒಂದೊಂದೇ ಕಾಲನ್ನು ನೀವಿ ಎಳೆಯುತ್ತಿದ್ದ.

"ಅಯ್ಯೋ ಪಾಪಿ, ಕೊಂದ್ಯಲ್ಲೋ."

"ಶ್" ಅಂದ ಪಾಲಯ್ಯ. "ಮೆಲ್ಲಗೆ ಮಾತಾಡವ್ವ, ತಾಯಿ ಮಲಗವ್ಳೆ."

"ಯಾವ ತಾಯಿ?"

"ಅಲ್ಲಿ, ಪೆಟ್ಟಿಗೇಲಿ. ನಿಶ್ಶಕ್ತಿ ಅವಳಿಗೆ. ಎಬ್ಬಿಸ್ಬೇಡ. ಕೂಸನ್ನ ಮಾತ್ರ ಚಮಚದಲ್ಲಿ ಎತ್ಕೊಂಡು ಬಂದೆ."

ಓಬಳಮ್ಮ ಒಳಗೆ ಹೋದಳು. ಗಾಜಿನ ಪೆಟ್ಟಿಗೆಯ ಮೇಲೆ ಅವಳ ಹಳೇ ಸೀರೆ ಹೊದಿಸಿತ್ತು, ಬಾಣಂತಿಗೆ ಬೆಳಕು ಹೊಡೆಯದಿರಲಿ ಅಂತ. ಸೀರೆಯ ಅಂಚು ಎತ್ತಿದಳು. ಕುಡಿಕೆಯ ನೆರಳಲ್ಲಿ ಚಂಪಾ ಕೂತಿತ್ತು. ಹೊಸ ಮೈ, ಹೊಸ ರೋಮ, ಮಿರಮಿರ ಮಿಂಚುವ ಎಂಟು ಕಾಲು. ಯಾರೂ ಮುಟ್ಟಿರಲಿಲ್ಲ. ಬಚ್ಚಲಲ್ಲಿ ಎಣ್ಣೆನೀರು ಹಾಕಿಸಿಕೊಳ್ಳುತ್ತಿದ್ದದ್ದು ಅದು ಬಿಟ್ಟ ಪೊರೆ.

ಎಷ್ಟೋ ವರ್ಷಕ್ಕೆ ಓಬಳಮ್ಮ ನಕ್ಕಳು. ಅತ್ತಳು ಅಂದರೂ ಸುಳ್ಳಲ್ಲ. ಮಗನನ್ನು ಬೈಯಲಿಲ್ಲ. ಹೊಗೆಗೆ ಅಂತ ಅವನು ತುಂಬಿಟ್ಟಿದ್ದ ಕೆಂಡದ ಚಿಪ್ಪನ್ನು ಮಾತ್ರ ಬೀದಿಗೆ ಎಸೆದು ಬಂದಳು.

ಸಂಜೆ ಮೇಡಂ ಬಂದು ನೋಡಿ ಹಿಗ್ಗಿದರು. ಕತ್ತಲೆ ಇದೆ, ಗಾಳಿ ಇದೆ, ಪುಡಿ ಗಟ್ಟಿಯಾಗಿದೆ, ಗೂಡಿಗೆ ಬಾಗಿಲಿದೆ. ಇದಕ್ಕಿಂತ ಚೆನ್ನಾಗಿ ನಾನೂ ಜೋಡಿಸುತ್ತಿರಲಿಲ್ಲ ಅಂದರು. ಯಾವ ದಾರಿಯಲ್ಲಿ ಅಲ್ಲಿಗೆ ಬಂದು ಮುಟ್ಟಿದೆವು ಅನ್ನುವುದನ್ನು ಓಬಳಮ್ಮ ಹೇಳಲಿಲ್ಲ. ಪ್ರಿನ್ಸಿಪಾಲರು ಒಪ್ಪಿದರು. ಪಾಲಯ್ಯನಿಗೆ ಖಾಕಿ ಅಂಗಿ ಬಂತು. ಮೊದಲ ದಿನ ಮೇಡಂ ಅವನನ್ನು ಮ್ಯೂಸಿಯಂ ಒಳಗೆ ಕರೆದುಕೊಂಡು ಹೋಗಿ, ಸುತ್ತ ಕೈ ತೋರಿಸಿ, "ಚಂಪಾಳನ್ನ ನೋಡ್ಕೊಂಡ ಹಾಗೆ ಇಲ್ಲಿರೋ ಎಲ್ಲರನ್ನೂ ನೋಡ್ಕೋ ಪಾಲಯ್ಯ" ಅಂದು ಪಾಠಕ್ಕೆ ಹೋದರು.

ಮಧ್ಯಾಹ್ನದೊಳಗೆ ಓಬಳಮ್ಮನಿಗೆ ಕಾಲೇಜಿನಿಂದ ಕರೆ ಬಂತು. ಹೋದರೆ, ಮ್ಯೂಸಿಯಂ ಕಿಟಕಿಯಲ್ಲೆಲ್ಲ ಸಾಂಬ್ರಾಣಿ ಹೊಗೆ. ಬೆಂಕಿ ಬಿತ್ತು ಅಂತ ಹುಡುಗರೆಲ್ಲ ಬಯಲಲ್ಲಿ. ಒಳಗೆ ಹುಲ್ಲು ತುಂಬಿದ ಗೂಬೆಯಿಂದ ಎಣ್ಣೆ ತೊಟ್ಟಿಕ್ಕುತ್ತಿದೆ. ಮುಂಗುಸಿಯ ತಲೆಗೆ ಕುಲಾವಿ. ಕಿಟಕಿಯ ಪರದೆಯನ್ನು ಎರಡು ಬೆಂಚಿನ ನಡುವೆ ಕಟ್ಟಿ ತೊಟ್ಟಿಲು ಮಾಡಿದ್ದಾನೆ. ತೊಟ್ಟಿಲಲ್ಲಿ, ಪಾಠಕ್ಕೆ ಅಂತ ಕೊಕ್ಕೆಗೆ ನೇತು ಹಾಕುತ್ತಿದ್ದ ಮನುಷ್ಯನ ಅಸ್ಥಿಪಂಜರ, ಕುತ್ತಿಗೆವರೆಗೆ ಬಟ್ಟೆ ಸುತ್ತಿಸಿಕೊಂಡು, ಕೆನ್ನೆಗೆ ದೃಷ್ಟಿಬೊಟ್ಟು ಇಡಿಸಿಕೊಂಡು ಮಲಗಿದೆ. ಪಾಲಯ್ಯ ತೂಗುತ್ತಿದ್ದಾನೆ.

ಓಬಳಮ್ಮನ ಕಣ್ಣು ಆ ಸುತ್ತಿದ ಬಟ್ಟೆಯ ಮೇಲೆ ನಿಂತಿತು. ಎಡದಿಂದ ಬಲಕ್ಕೆ, ಬುಡ ಮಡಚಿ, ಎದೆಯ ಮೇಲೆ ಒಂದೇ ಗಂಟು. ಅವಳೇ ಕಟ್ಟಿದರೂ ಅಷ್ಟು ಅಚ್ಚುಕಟ್ಟಾಗಿ ಬರುತ್ತಿತ್ತೋ ಇಲ್ಲವೋ. ಮಗ ಏನೂ ಕಲಿಯಲಿಲ್ಲ ಅಂತ ಇಷ್ಟು ವರ್ಷ ಕೊರಗಿದ್ದೆನಲ್ಲ ಅನ್ನಿಸಿತು.

ಪ್ರಿನ್ಸಿಪಾಲರು ಮೂಗಿಗೆ ಕರವಸ್ತ್ರ ಹಿಡಿದು ನಿಂತಿದ್ದರು. "ಏನಮ್ಮ ಇದು? ನಿಮ್ಮ ಮಗನಿಗೆ ಸ್ವಲ್ಪ ಬುದ್ಧಿ ಹೇಳಿ" ಅಂದರು.

ಓಬಳಮ್ಮ ಮಗನ ಕಡೆ ನೋಡಿದಳು.

"ಬೇಡ ಸ್ವಾಮಿ" ಅಂದಳು. "ಹೇಳಿದ್ರೆ ಮಾಡ್ತಾನೆ."

ಪ್ರಿನ್ಸಿಪಾಲರು ಬಾಗಿಲಲ್ಲಿ ಇಣುಕುತ್ತಿದ್ದ ತಮ್ಮ ಗುಮಾಸ್ತರನ್ನು ನೋಡಿದರು, ಜವಾನರನ್ನು ನೋಡಿದರು, ಬಹಳ ಹೊತ್ತು ನೋಡಿದರು. "ಈ ಕಾಲೇಜಿನಲ್ಲಿ ಹೇಳಿದ್ದನ್ನ ಮಾಡೋನು ಇವನೊಬ್ಬನೇ" ಅಂದರು. "ಇರಲಿ ಬಿಡಿ. ನಾಳೆಯಿಂದ ಏನು ಹೇಳ್ಬೇಕು ಅನ್ನೋದನ್ನ ನಾವು ಯೋಚನೆ ಮಾಡಿ ಹೇಳೋಣ."

ಓಬಳಮ್ಮ ಕೈಮುಗಿದಳು. ಎದೆಯ ಕಲ್ಲು ಇಳಿಯಿತು. ಅಷ್ಟರಲ್ಲಿ ಪಾಲಯ್ಯ ತೊಟ್ಟಿಲು ತೂಗುವುದನ್ನು ನಿಲ್ಲಿಸಿ, ಚಿಂತೆಯ ಮುಖ ಮಾಡಿಕೊಂಡು ಪ್ರಿನ್ಸಿಪಾಲರ ಹತ್ತಿರ ಬಂದ.

"ಸಾರ್, ಈ ಕೂಸು ಬಾಳ ಸೊರಗೈತೆ" ಅಂದ. "ಇದರ ತಾಯಿಗೆ ಹಾಲು ಸಾಲ್ತಿಲ್ಲ ಅನ್ಸುತ್ತೆ. ಸ್ವಲ್ಪ ಕರೆಸಿ, ನಮ್ಮವ್ವ ಒಂದು ಮಾತು ಕೇಳ್ತಾಳೆ."